ನಾನು ಎಳೆದ ಬಿರುಕು

ಹಳೆಯ ಚರ್ಚುಗಳ ಫೋಟೋ ತೆಗೆಯುವುದು ನನ್ನ ಕೆಲಸ. ತೆಗೆದ ಫೋಟೋವನ್ನು ಕೊಳೆತ ಮೊಟ್ಟೆಯಂತೆ ನಾರುವ ದ್ರಾವಣದಲ್ಲಿ ಅದ್ದಿ ಸೆಪಿಯಾದ ಕಂದು ಬಣ್ಣಕ್ಕೆ ತರುತ್ತೇನೆ. ಆ ಬಣ್ಣ ಕಂಡರೆ ಸಾಕು, ಜನ ನೂರು ವರ್ಷದ ಹಿಂದಿನದು ಎಂದು ಕಣ್ಣರಳಿಸುತ್ತಾರೆ. ನಮ್ಮೂರಿನ ಚರ್ಚಿನ ದೊಡ್ಡ ಕಮಾನಿಗೆ ಮಾತ್ರ ಎಷ್ಟು ಅದ್ದಿದರೂ ಆ ಕಳೆ ಬರಲಿಲ್ಲ. ಹಾಳಾದ್ದು, ನಿನ್ನೆ ಕಟ್ಟಿದ ಹಾಗೆ ನಿಂತಿತ್ತು. ಒಂದು ಮೂಲೆಯಲ್ಲಿ ಬೆರಳುದ್ದದ ಬಿರುಕಿತ್ತು, ಅಷ್ಟೆ. ನಾನು ಸಣ್ಣ ಕುಂಚ ಹಿಡಿದು, ಕಲ್ಲುಗಳ ಸಂದಿನಗುಂಟ, ಅದನ್ನು ಫೋಟೋದಲ್ಲಿ ಕಮಾನಿನ ನೆತ್ತಿಯವರೆಗೂ ಎಳೆದುಬಿಟ್ಟೆ. ಆಹಾ, ಎಂಥ ಚಿತ್ರ ಆಯಿತು! ಬಹುಮಾನ ಬಂತು. ಆಗಿನ ಫಾದರ್ ಅದಕ್ಕೆ ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ನೇತುಹಾಕಿದರು.

ಇದೆಲ್ಲ ಹನ್ನೆರಡು ವರ್ಷದ ಹಿಂದಿನ ಮಾತು. ಕಳೆದ ತಿಂಗಳು ಆ ಕಮಾನಿನ ಕಲ್ಲುಸಂದಿನ ಗಾರೆ ಉದುರಿ, ಒಳಗಿನಿಂದ ಉದ್ದನೆಯ ನಿಜವಾದ ಬಿರುಕು ಕಾಣಿಸಿಕೊಂಡಿತು. ಬಿರುಕೂ ಸಂದಿನ ದಾರಿಯನ್ನೇ ಹಿಡಿಯುತ್ತದಂತೆ. ಥೇಟ್ ನಾನು ಎಳೆದಲ್ಲೇ ಹೋಗಿತ್ತು. ಈಗಿನ ಫಾದರ್ ಚರ್ಚಿನ ಬಾಗಿಲು ಹಾಕಿಸಿ ಎಂಜಿನಿಯರನ್ನು ಕರೆಸಿದರು.

ಮಂಗಳವಾರ ಫಾದರ್ ಕೋಣೆಯಲ್ಲಿ ನಾನೂ ಇದ್ದೆ. ಎಂಜಿನಿಯರು ಗೋಡೆಯ ಮೇಲಿನ ಫೋಟೋಗೆ ಭೂತಗನ್ನಡಿ ಹಿಡಿದು ನೋಡಿ, ಜೋರಾಗಿ ನಕ್ಕರು.

"ಫಾದರ್, ಆಗಲೇ ಇಷ್ಟುದ್ದ ಇತ್ತಲ್ಲ! ಹನ್ನೆರಡು ವರ್ಷದಲ್ಲಿ ಒಂದಿಂಚೂ ಬೆಳೆದಿಲ್ಲ. ಹಳೇ ಬಿರುಕು, ಏನೂ ಆಗಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಇದರಲ್ಲಿ ಏನೂ ತಿದ್ದಿಲ್ಲ ತಾನೆ, ಫೋಟೋದವರೇ?" ಎಂದರು.

ಬಹುಮಾನ, ಪೇಪರಿನಲ್ಲಿ ಬಂದ ಹೆಸರು, ಊರವರ ನಗು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

"ಛೆ ಛೆ, ಇಲ್ಲ ಸಾರ್," ಎಂದೆ. ಸಾಲದ್ದಕ್ಕೆ ಹಲ್ಲು ಕಿರಿದೆ.

ಚರ್ಚಿನ ಬಾಗಿಲು ತೆರೆಯಿತು. ಆ ಕಮಾನಿನ ಕೆಳಗೆ ನಿಂತು ಹಾಡುವುದು ನನ್ನ ತಂಗಿ ಮತ್ತು ಅವಳು ಕಲಿಸುವ ಇಪ್ಪತ್ತೆರಡು ಜನ. ಬುಧವಾರ ಸಂಜೆ ಅವರ ಅಭ್ಯಾಸ ನಡೆಯುವಾಗ ನಾನು ಮೆಟ್ಟಿಲ ಮೇಲೇ ನಿಂತಿದ್ದೆ. "ಒಳಗೆ ಬಾರೋ ಅಣ್ಣ, ಅಲ್ಯಾಕೆ ಕಾವಲುಗಾರನ ಥರ ನಿಂತಿದ್ದೀಯ?" ಎಂದು ತಂಗಿ ಕೂಗಿದಳು. ಮಂಡಿ ನೋವು ಎಂದೆ. ಒಳಗೆ ಯಾರೋ ಬೆಂಚು ಎಳೆದ ಸದ್ದಿಗೆ ನಾನು ಎರಡು ಮೆಟ್ಟಿಲು ಕೆಳಗಿಳಿದೆ. ಗುರುವಾರವಿಡೀ ನಾಳೆ ಹೇಳೋಣ, ನಾಳೆ ಹೇಳೋಣ ಎಂದು ನನಗೆ ನಾನೇ ಮಂಕುಬೂದಿ ಎರಚಿಕೊಂಡೆ.

ಶುಕ್ರವಾರ ಸಂಜೆ ತಂಗಿಯ ಫೋನು ಬಂತು.

"ಅಣ್ಣ, ಕ್ಯಾಮೆರಾ ತಗೊಂಡು ಓಡಿ ಬಾ! ಮೇಲಿಂದ ಸಣ್ಣಗೆ ಪುಡಿ ಉದುರ್ತಾ ಇದೆ, ಕಿಟಕಿ ಬಿಸಿಲಿಗೆ ಎಷ್ಟು ಚೆನ್ನಾಗಿ ಕಾಣ್ತಿದೆ ಗೊತ್ತಾ? ನಿನ್ನ ಸೆಪಿಯಾಗೆ ಹೇಳಿ ಮಾಡಿಸಿದ ಹಾಗಿದೆ."

"ಹೊರಗೆ ಬಾ," ಎಂದೆ. "ಎಲ್ಲರನ್ನೂ ಕರ್ಕೊಂಡು ಹೊರಗೆ ಬಾ, ಈಗಲೇ!"

"ಏನಾಯ್ತೋ ನಿನಗೆ? ಎಂಜಿನಿಯರೇ ಹೇಳಿದ್ದಾರಲ್ಲ…"

"ಅವರು ನೋಡಿದ ಫೋಟೋ ಸುಳ್ಳು ಕಣೇ! ಆ ಬಿರುಕು ನಾನೇ ಕುಂಚದಲ್ಲಿ ಎಳೆದದ್ದು. ಆಗ ಬೆರಳುದ್ದ ಇತ್ತು. ಬೆರಳುದ್ದ!"

ಮರುಕ್ಷಣ ಅವಳ ಟೀಚರ್ ದನಿ ಕೇಳಿಸಿತು: "ಎಲ್ಲರೂ ಪುಸ್ತಕ ಅಲ್ಲೇ ಇಟ್ಟು ಹೊರಗೆ ನಡೀರಿ. ಓಡಬೇಡಿ, ಮಾತಾಡಬೇಡಿ." ಫೋನು ಕಿವಿಗೆ ಒತ್ತಿಕೊಂಡೇ ನಾನು ಬೀದಿಯಲ್ಲಿ ಓಡಿದೆ. ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಯಾರೋ ಮುದುಕಿ ಚಪ್ಪಲಿ ಸಿಗುತ್ತಿಲ್ಲ ಎನ್ನುತ್ತಿದ್ದರು. ದೇವರೇ, ಚಪ್ಪಲಿ ಬಿಟ್ಟು ಬನ್ನಿ ತಾಯಿ ಎಂದು ಬೀದಿಯಲ್ಲೇ ಅರಚಿದೆ.

ನಾನು ಚರ್ಚಿನ ತಿರುವಿಗೆ ಬರುವಷ್ಟರಲ್ಲಿ ಉಳಿದವರೆಲ್ಲ ಅಂಗಳದಲ್ಲಿದ್ದರು. ಕೊನೆಯವಳಾಗಿ ತಂಗಿ ಆ ಮುದುಕಿಯ ತೋಳು ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಅವರು ಕೊನೆಯ ಮೆಟ್ಟಿಲು ಇಳಿದರೋ ಇಲ್ಲವೋ, ಒಳಗೆ ದೊಪ್ಪೆಂದು ಒಂದು ಕಲ್ಲು ಬಿತ್ತು, ಅದರ ಹಿಂದೆ ಇನ್ನಷ್ಟು. ಬಾಗಿಲಿನಿಂದ ಧೂಳು ಹೊರಗೆ ನುಗ್ಗಿತು. ಸದ್ದಿಗೆ ಓಡಿಬಂದ ಫಾದರ್ ಕೈಮುಗಿದು ನಿಂತುಬಿಟ್ಟರು.

ತಂಗಿ ಎಲ್ಲರನ್ನೂ ಎಣಿಸಿ, ಇನ್ನೊಮ್ಮೆ ಎಣಿಸಿ, ನನ್ನ ಹತ್ತಿರ ಬಂದಳು. ಅವಳ ಕೂದಲ ಮೇಲೆಲ್ಲ ಬಿಳಿ ಪುಡಿ ಇತ್ತು. ಬೈಯುತ್ತಾಳೆ, ಬೈಯಲಿ ಎಂದುಕೊಂಡೆ.

"ಬುಧವಾರ ನಿನಗೆ ಗೊತ್ತಿತ್ತಾ?" ಎಂದಳು ಮೆಲ್ಲಗೆ.

"ಗೊತ್ತಿತ್ತು."

"ಅದಕ್ಕೇ ನೀನು ಒಳಗೆ ಬರಲಿಲ್ಲ."

ಅವಳು ತಿರುಗಿ, ಇನ್ನೂ ನಡುಗುತ್ತಿದ್ದ ಆ ಮುದುಕಿಯ ಪಕ್ಕ ಹೋಗಿ ಕೂತಳು.