ಕೆಂಪು ಬಟ್ಟೆ, ಬಿಳಿ ಅಕ್ಷರ

ಕೊನೆಯ ನೆಂಟರು ಮಂಗಳವಾರ ಸಂಜೆ ಹೊರಟರು. ಬುಧವಾರ ಬೆಳಿಗ್ಗೆ ಹಾಲಿನವನು ಎಂದಿನ ಹಾಗೆ ಎರಡು ಪ್ಯಾಕೆಟ್ ಇಟ್ಟು ಹೋಗಿದ್ದ. ಅತ್ತೆ ಒಂದನ್ನು ಕಾಯಿಸಲು ಇಟ್ಟು, ಇನ್ನೊಂದನ್ನು ಕೈಯಲ್ಲೇ ಹಿಡಿದುಕೊಂಡು, "ನಾಳೆಯಿಂದ ಒಂದೇ ಸಾಕು ಅನ್ನಬೇಕು ಅವನಿಗೆ" ಎಂದರು. ನಾನು ಹೂಂ ಎಂದೆ. ನನ್ನ ಗಂಡ ಹೋಗಿ ಎರಡು ವಾರವಾಗಿತ್ತು. ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಆ ಎರಡು ವಾರದಲ್ಲಿ ನಾನು ಹೂಂ ಬಿಟ್ಟು ಹೆಚ್ಚೇನೂ ಆಡಿರಲಿಲ್ಲ.

ಒಂಬತ್ತು ಗಂಟೆಗೆ ಬಾಗಿಲು ಬಡಿದವಳು ಬಸ್ ಡಿಪೋದ ಹೆಂಗಸರ ಹಗ್ಗಜಗ್ಗಾಟದ ತಂಡದ ಕ್ಯಾಪ್ಟನ್. ಖಾಕಿ ಸಮವಸ್ತ್ರದಲ್ಲಿದ್ದಳು, ಹೆಗಲಲ್ಲಿ ಕಂಡಕ್ಟರ್ ಚೀಲ. ಆ ತಂಡದವರು ತಮಗೆ ತಾವೇ ಬಸ್ಸಿನ ಭಾಗಗಳ ಹೆಸರಿಟ್ಟುಕೊಂಡಿದ್ದರು. ಈಕೆ ಸ್ಟೇರಿಂಗ್.

"ತಂಗಿ, ಈ ಹೊತ್ತಲ್ಲಿ ಇದನ್ನ ಕೇಳೋಕೆ ನಾಚಿಕೆ ಆಗತ್ತೆ. ಶನಿವಾರ ಪಂದ್ಯ ಇದೆ. ಹೆಸರು ಒತ್ತೋಕೆ ಅಂತ ನಾವು ಕೊಟ್ಟ ಟೀ ಶರ್ಟು ಒಂಬತ್ತೂ ಹಾಗೇ ವಾಪಸ್ ಕೊಟ್ಬಿಡು. ಹೆಸರಿಲ್ಲದಿದ್ರೆ ಹಗ್ಗ ಏನು ಬರಲ್ಲ ಅನ್ನತ್ತಾ?"

"ಶುಕ್ರವಾರ ಸಂಜೆ ಬನ್ನಿ ಅಕ್ಕ. ಹೆಸರು ಹಾಕಿ ಕೊಡ್ತೀನಿ."

"ಯಾರು ಹಾಕ್ತಾರೆ?"

"ನಾನೇ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಸ್ಟೇರಿಂಗ್ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಟಿಕೆಟ್ ತೆಗೆಯದೆ ಕೂತವರನ್ನು ಆಕೆ ಹೀಗೇ ನೋಡುತ್ತಿರಬೇಕು.

"ಬೇರೆ ಬಟ್ಟೆ ಇಲ್ಲ, ನೆನಪಿರಲಿ. ಇರೋದೇ ಒಂಬತ್ತು" ಎಂದು ಹೇಳಿ ಹೋದಳು.

ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. "ಭಾನುವಾರ ಚಿಕ್ಕಪ್ಪ ಆ ಹೆಸರು ಒತ್ತೋ ಯಂತ್ರ ತಗೊಂಡು ಹೋಗ್ತಾರೆ ಅಂತ ನಿನ್ನೆ ತಾನೇ ಮಾತಾಯ್ತು. ನೀನೂ ಹೂಂ ಅಂದೆ."

"ನಿನ್ನೆ ಎಲ್ಲದಕ್ಕೂ ಹೂಂ ಅಂದಿದೀನಿ ಅತ್ತೆ. ಈ ಒಂಬತ್ತು ಸರಿಯಾಗಿ ಆದ್ರೆ ಯಂತ್ರ ಇಲ್ಲೇ ಇರಲಿ, ಆ ಕೆಲಸ ನಾನು ಮಾಡ್ತೀನಿ. ಆಗದಿದ್ರೆ ನಾನೇ ಎತ್ತಿ ಅವರ ಗಾಡಿಗೆ ಇಡ್ತೀನಿ."

"ಮೂವತ್ತು ಕೆಜಿ ಇದೆ ಅದು" ಎಂದರು ಅತ್ತೆ. ಬೇಡ ಎನ್ನಲಿಲ್ಲ.

ಹಿಂದಿನ ಚಿಕ್ಕ ಕೋಣೆಯೇ ಅವನ ಕಾರ್ಖಾನೆ. ಕಿಟಕಿಯ ಪಕ್ಕ ಅಕ್ಷರ ಕತ್ತರಿಸುವ ಯಂತ್ರ, ನಡುವೆ ಮೇಜು, ಮೇಜಿನ ಮೇಲೆ ಹೀಟ್ ಪ್ರೆಸ್. ಅದು ದೊಡ್ಡದೊಂದು ಇಸ್ತ್ರಿಪೆಟ್ಟಿಗೆಗೆ ಬಾಯಿ ಬಂದ ಹಾಗೆ. ಮೇಲಿನ ಹಲಗೆ ಕಾಯುತ್ತದೆ, ಹಿಡಿ ಎಳೆದರೆ ಬಟ್ಟೆಯ ಮೇಲೆ ಕೂರುತ್ತದೆ. ನಾಲ್ಕು ವರ್ಷ ಅದರ ಸದ್ದನ್ನು ಗೋಡೆಯಾಚೆಯಿಂದ ಕೇಳಿದ್ದೆ, ಒಂದು ದಿನವೂ ಮುಟ್ಟಿರಲಿಲ್ಲ.

ಅಕ್ಷರಗಳನ್ನೆಲ್ಲ ಅವನು ಆಗಲೇ ಕತ್ತರಿಸಿ ಫೈಲಿನಲ್ಲಿ ಜೋಡಿಸಿದ್ದ. ಬಿಸಿ ತಾಕಿದರೆ ಅಂಟುವ ಬಿಳಿ ವಿನೈಲ್, ಪ್ಲಾಸ್ಟಿಕ್ಕಿನ ಮೇಲೆ ತಿರುವುಮುರುವಾಗಿ. ಬಟ್ಟೆಯ ಮೇಲೆ ಮಗುಚಿದರೆ ಹೆಸರು ನೆಟ್ಟಗೆ ಕಾಣುತ್ತದೆ. ಸ್ಟೇರಿಂಗ್, ಗೇರು, ಕ್ಲಚ್ಚು, ಹಾರನ್, ವೈಪರ್, ಬಂಪರ್, ಇಂಜಿನ್. ಹಗ್ಗದ ಕೊನೆಗೆ ನಿಲ್ಲುವವಳು ಹ್ಯಾಂಡ್‌ಬ್ರೇಕು. ಎಂಟು ಜನರಲ್ಲಿ ಯಾರಿಗಾದರೂ ಕೈಕಾಲು ಉಳುಕಿದರೆ ಇಳಿಯುವ ಒಂಬತ್ತನೆಯವಳು ಸ್ಟೆಪ್ನಿ.

ಸ್ಟೆಪ್ನಿಯಿಂದ ಶುರುಮಾಡಿದೆ. ಕೆಟ್ಟರೆ ಅದು ಕೆಡಲಿ ಎಂದು ಲೆಕ್ಕ ಹಾಕಿದ್ದೆ, ಕೆಡುತ್ತದೆ ಎಂದು ನಂಬಿರಲಿಲ್ಲ. ನಾನು ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಸೂಚನೆಯನ್ನು ಓದಿ ಅದರಂತೆ ಮಾಡುವುದು ನನಗೆ ಚೆನ್ನಾಗಿ ಬರುವ ಕೆಲಸ. ವಿನೈಲಿನ ಪೊಟ್ಟಣದ ಮೇಲೆ ನೂರೈವತ್ತು ಡಿಗ್ರಿ, ಹದಿನೈದು ಸೆಕೆಂಡು ಎಂದಿತ್ತು. ಗುಂಡಿ ತಿರುಗಿಸಿ ನೂರೈವತ್ತಕ್ಕೆ ನಿಲ್ಲಿಸಿದೆ. ಹಿಡಿ ಎಳೆದೆ, ಎಣಿಸಿದೆ, ಎತ್ತಿದೆ. ಪ್ಲಾಸ್ಟಿಕ್ ಸುಲಿದಾಗ ಕೆಂಪು ಬಟ್ಟೆಯ ಮೇಲೆ ಸ್ಟೆಪ್ನಿ ಎಂಬ ಹೆಸರು ಹಾಲಿನ ಹಾಗೆ ಬಿಳಿಯಾಗಿತ್ತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. "ಪರವಾಗಿಲ್ವೇ" ಎಂದರು.

ಸಂಜೆ ನಾಲ್ಕು ಗಂಟೆಗೆ ಅದೇ ಹೆಸರು ಗುಲಾಬಿ ಬಣ್ಣಕ್ಕೆ ತಿರುಗಿತ್ತು.

"ಹದಿನೇಳು ವರ್ಷ ಓದಿ ಬಂದದ್ದು ಇದೇನಾ?" ಎಂದರು ಅತ್ತೆ. "ಬಿಳಿ ಬಟ್ಟೇನ ಕೆಂಪು ಬಟ್ಟೆ ಜೊತೆ ನೆನೆ ಹಾಕಬಾರದು ಅಂತ ನನಗೂ ಗೊತ್ತು, ನಾನು ಏಳನೇ ಕ್ಲಾಸು."

ಅವರು ಚುಚ್ಚಲೆಂದು ಆಡಿದ ಮಾತೇ ದಾರಿ ತೋರಿಸಿತು. ಹಿಂದೆ ಪಾಠ ಮಾಡುತ್ತಿದ್ದಾಗ ಕಾಲೇಜಿನ ಪ್ರಯೋಗಾಲಯದಲ್ಲಿ ಅಯೋಡಿನ್ ಹರಳು ಕರಗದೆ ನೇರ ಹಬೆಯಾಗುವುದನ್ನು ಮಕ್ಕಳಿಗೆ ನಾನೇ ತೋರಿಸಿದ್ದೆ. ಪಾಲಿಯೆಸ್ಟರ್ ಬಟ್ಟೆಯ ಬಣ್ಣವೂ ಹಾಗೇ. ಬಿಸಿ ಅತಿಯಾದರೆ ಹಬೆಯಾಗಿ ಮೇಲೆದ್ದು ಬಿಳಿಯೊಳಗೆ ಸೇರಿಕೊಳ್ಳುತ್ತದೆ. ಆದರೆ ನೂರೈವತ್ತರಲ್ಲಿ ಅಷ್ಟು ಆಗಬಾರದು. ಪೊಟ್ಟಣ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳುತ್ತಿದ್ದದ್ದು ಗುಂಡಿ.

ಗುರುವಾರ ಬೆಳಿಗ್ಗೆ ಮೇಜಿನ ಖಾನೆಗಳನ್ನೆಲ್ಲ ತೆಗೆದು ನೋಡಿದೆ. ಅವನು ಹೇಗೋ ಅಳೆಯುತ್ತಿದ್ದಿರಬೇಕು. ಕೆಳಗಿನ ಖಾನೆಯಲ್ಲಿ ಪಿಸ್ತೂಲಿನ ಆಕಾರದ ಥರ್ಮಾಮೀಟರ್ ಸಿಕ್ಕಿತು. ಟ್ರಿಗರ್ ಒತ್ತಿದರೆ ಕೆಂಪು ಚುಕ್ಕೆ ಬೀಳುತ್ತದೆ, ಚುಕ್ಕೆ ಬಿದ್ದಲ್ಲಿ ಎಷ್ಟು ಬಿಸಿ ಎಂದು ಹಿಂದೆ ಅಂಕಿ ಮೂಡುತ್ತದೆ. ಹಿಡಿಗೆ ಸುತ್ತಿದ್ದ ಟೇಪಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಓವನ್ನಿನದು. ಬೇಕರಿ ಬಿಟ್ಟು ಆಚೆ ಒಯ್ಯಬಾರದು.

"ಮೂಲೆ ಬೇಕರಿಯವನದ್ದು" ಎಂದರು ಅತ್ತೆ. "ಎರಡು ದಿನಕ್ಕೆ ಅಂತ ತಂದಿದ್ದ. ಮೂರು ತಿಂಗಳಾಯ್ತು."

ಗುಂಡಿಯನ್ನು ನೂರೈವತ್ತಕ್ಕಿಟ್ಟು ಹಲಗೆಗೆ ಗುರಿ ಹಿಡಿದೆ. ನೂರ ಎಪ್ಪತ್ತೊಂದು. ಇಳಿಸುತ್ತ ಬಂದೆ. ಗುಂಡಿ ನೂರ ಮೂವತ್ತಕ್ಕೆ ಬಂದಾಗ ಹಲಗೆ ನೂರೈವತ್ತಾಯಿತು. ಎಡಮೂಲೆ ಮಾತ್ರ ಉಳಿದ ಕಡೆಗಿಂತ ಎಂಟು ಡಿಗ್ರಿ ತಣ್ಣಗಿತ್ತು. ಕೆಳಹಲಗೆಯ ಅಂಚಿನಲ್ಲಿ ಮೊಳೆಯಿಂದ ಎಳೆದ ಒಂದು ಗೀರು ಇತ್ತು. ಸಾಗಿಸುವಾಗ ಬಿದ್ದ ಗಾಯವೆಂದುಕೊಂಡಿದ್ದೆ. ಅದು ಅವನೇ ಮಾಡಿಕೊಂಡ ಗುರುತು. ಅಲ್ಲಿಗೆ ಕೊರಳುಪಟ್ಟಿ ಇಟ್ಟರೆ ಅಕ್ಷರಗಳು ಎಡಮೂಲೆಗೆ ತಾಕುವುದಿಲ್ಲ.

ಇದ್ಯಾವುದನ್ನೂ ಅವನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಗೀರಿನ ಮೇಲೆ ಒಮ್ಮೆ ಬೆರಳಾಡಿಸಿದೆ. ಆಮೇಲೆ ಪೆನ್ಸಿಲ್ ತಂದು, ಗೋಡೆಯ ಮೇಲೆ ಗುಂಡಿಯ ಅಂಕಿ ಒಂದು ಸಾಲು, ನಿಜವಾದ ಬಿಸಿ ಇನ್ನೊಂದು ಸಾಲು, ಹೀಗೆ ಪಟ್ಟಿ ಬರೆದೆ.

"ಗೋಡೆ ಮೇಲಾ?" ಎಂದರು ಅತ್ತೆ.

"ಕಾಗದವಾದ್ರೆ ಕಳೆದುಹೋಗತ್ತೆ."

ಈ ಸಲ ಸ್ಟೇರಿಂಗ್ ಹೆಸರೊಂದನ್ನೇ ಹಾಕಿ, ಮಧ್ಯಾಹ್ನದವರೆಗೆ ಕಾದೆವು. ಅತ್ತೆ ಅರ್ಧ ಗಂಟೆಗೊಮ್ಮೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬಿಳಿ ಬಿಳಿಯಾಗಿಯೇ ಉಳಿಯಿತು. ಆಮೇಲೆ ಅವರೇ ಗೋಡೆ ಗಡಿಯಾರದ ಕೆಳಗೆ ಕುರ್ಚಿ ಎಳೆದು ಕೂತು ಹದಿನೈದು ಎಣಿಸತೊಡಗಿದರು. ಹದಿನೈದಕ್ಕೆ "ಎತ್ತು!" ಎನ್ನುತ್ತಿದ್ದ ದನಿಗೆ ಪಕ್ಕದ ಮನೆಯವರೂ ಏನನ್ನಾದರೂ ಎತ್ತಿರಬೇಕು. ಸಂಜೆಯ ಹೊತ್ತಿಗೆ ಏಳು ಮುಗಿದವು.

ಎಂಟನೆಯದರ ಹಾಳೆಗೆ ಅವನು ಚೀಟಿ ಅಂಟಿಸಿದ್ದ: ಹ್ಯಾಂಡ್‌ಬ್ರೇಕು, ಬೆನ್ನು ಖಾಲಿ. ಹೆಸರನ್ನೂ ಉಳಿದವುಗಳ ಅರ್ಧದಷ್ಟು ಅಳತೆಗೆ ಕತ್ತರಿಸಿದ್ದ. ಬೆನ್ನಿಗಲ್ಲದಿದ್ದರೆ ಮತ್ತೆಲ್ಲಿಗೆ? ಡಿಪೋಗೆ ಫೋನ್ ಮಾಡಿದೆ. ಟೈರು ವಿಭಾಗದಲ್ಲಿ ಕೆಲಸ ಮಾಡುವ ಹ್ಯಾಂಡ್‌ಬ್ರೇಕು ಪಾಳಿ ಮುಗಿಸಿ ತಾನೇ ಬಂದಳು. ಬಾಗಿಲನ್ನು ತುಂಬಿಕೊಂಡು ನಿಂತಳು.

"ಒಂದು ಬೆಡ್‌ಶೀಟ್ ಕೊಡಮ್ಮ" ಎಂದು ಇಸಿದುಕೊಂಡು, ಹುರಿ ಮಾಡಿ, ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟಳು. ಇನ್ನೊಂದನ್ನು ಬಲ ಕಂಕುಳ ಕೆಳಗಿಂದ ಹಿಂದಕ್ಕೆ ಒಯ್ದು, ಬೆನ್ನಿಗೆ ಅಡ್ಡಡ್ಡ ಹಾಯಿಸಿ, ಎಡ ಹೆಗಲ ಮೇಲಿಂದ ಮುಂದಕ್ಕೆ ಇಳಿಸಿಕೊಂಡಳು. "ಕೊನೆಯವಳಿಗೆ ಹಗ್ಗ ಹೀಗೆ ಬರತ್ತೆ. ಹೋದ ಸಲ ಬೆನ್ನ ಮೇಲೆ ಹೆಸರು ಹಾಕಿದ್ರು. ಎರಡನೇ ಪಂದ್ಯಕ್ಕೆ ಬರೀ ಬ್ರೇಕು ಉಳ್ಕೊಂಡಿತ್ತು. ಎಳೀರಿ ಅಮ್ಮ."

ಅತ್ತೆ ಎಳೆದರು. ಹ್ಯಾಂಡ್‌ಬ್ರೇಕು ಅಲುಗಲಿಲ್ಲ. ಅತ್ತೆ ಸೆರಗು ಸಿಕ್ಕಿಸಿಕೊಂಡು, ಕಾಲನ್ನು ಹೊಸಿಲಿಗೆ ಒತ್ತಿ, ಹಲ್ಲು ಕಚ್ಚಿ ಎಳೆದರು.

"ಅತ್ತೆ, ಬೆಡ್‌ಶೀಟ್ ಹರಿಯತ್ತೆ."

"ಹರಿಲಿ ಬಿಡು!" ಅವರ ಕಣ್ಣಲ್ಲಿ ನೀರಿತ್ತು, ಮುಖ ಕೆಂಪಾಗಿತ್ತು. ಎರಡು ವಾರದಲ್ಲಿ ಅವರು ಗಟ್ಟಿಯಾಗಿ ಅತ್ತದ್ದನ್ನು ನಾನು ಕಂಡಿರಲಿಲ್ಲ. ಈಗಲೂ ಅದು ಅಳುವೋ ಅಲ್ಲವೋ ತಿಳಿಯಲಿಲ್ಲ. ಹ್ಯಾಂಡ್‌ಬ್ರೇಕು ಏನೂ ಕೇಳದೆ, ಅವರು ಸುಸ್ತಾಗುವವರೆಗೂ ಹಿಡಿದು ನಿಂತಿದ್ದಳು.

ನಾನು ಬೆನ್ನನ್ನೇ ನೋಡುತ್ತಿದ್ದೆ. ಸೊಂಟದ ಹತ್ತಿರ, ಅಂಚಿನಿಂದ ನಾಲ್ಕು ಬೆರಳು ಮೇಲೆ, ಹುರಿ ತಾಕದ ಜಾಗವಿತ್ತು.

"ಇಲ್ಲಿ ಹಾಕ್ತೀನಿ. ಆದ್ರೆ ನೀವು ಕೂತ್ರೆ ಹೆಸರು ಕಾಣಲ್ಲ."

"ನಾನು ಕೂತ್ರೆ ನಾವು ಸೋತ ಹಾಗೇನೇ" ಎಂದಳು ಹ್ಯಾಂಡ್‌ಬ್ರೇಕು. "ಆಗ ಕಾಣದಿದ್ರೇ ಒಳ್ಳೇದು."

ಉಳಿದದ್ದು ಗುಲಾಬಿ ಸ್ಟೆಪ್ನಿ. ಅಂಟಿದ ಅಕ್ಷರವನ್ನು ಕೀಳಲು ಹೋದರೆ ಬಟ್ಟೆಯೇ ಹರಿಯುತ್ತದೆ. ಶುಕ್ರವಾರ ಬೆಳಿಗ್ಗೆ ಕತ್ತರಿಸುವ ಯಂತ್ರವನ್ನು ಮೊದಲ ಬಾರಿಗೆ ನಡೆಸಿದೆ. ಕಪ್ಪು ವಿನೈಲಿನಲ್ಲಿ ಅಗಲವಾದ ಒಂದು ಟೈರು ಕತ್ತರಿಸಿ, ಗುಲಾಬಿ ಅಕ್ಷರಗಳು ಪೂರ್ತಿ ಮುಚ್ಚುವಂತೆ ಕೂರಿಸಿದೆ. ಅದರ ಮೇಲೆ ಬಿಳಿಯಲ್ಲಿ ಹೊಸದಾಗಿ ಸ್ಟೆಪ್ನಿ ಎಂದು ಒತ್ತಿದೆ. ಕೆಂಪು ಮೇಲೇರಿದರೂ ಕಪ್ಪು ದಾಟಿ ಬರಬೇಕಿತ್ತು. ಬರಲಿಲ್ಲ.

ಸಂಜೆ ಸ್ಟೇರಿಂಗ್ ಒಂದೊಂದನ್ನೇ ಬಿಡಿಸಿ, ಉಗುರಿನಿಂದ ಅಕ್ಷರದ ಅಂಚು ಕೆರೆದು ನೋಡಿದಳು. ಒಂದೂ ಏಳಲಿಲ್ಲ. ಕೊನೆಯದನ್ನು ಬಿಡಿಸಿ ಟೈರಿನ ಮೇಲೆ ಬೆರಳಿಟ್ಟಳು.

"ಇದೇನಿದು? ಆಡದೇ ಇರೋಳಿಗೆ ಟೈರು, ಕ್ಯಾಪ್ಟನ್‌ಗೆ ಬರೀ ಹೆಸರಾ?"

"ಮುಂದಿನ ಸಲ ನಿಮಗೂ ಸ್ಟೇರಿಂಗ್ ಚಕ್ರ ಹಾಕೋಣ ಅಕ್ಕ."

"ಮುಂದಿನ ಸಲ ಏನು, ಡ್ರೈವರುಗಳ ಕ್ರಿಕೆಟ್ ತಂಡದ ಹದಿನಾಲ್ಕು ಇದೆ. ಸೋಮವಾರ ಕಳಿಸ್ತೀನಿ. ಗಂಡಸರಿಗೆ ಟೈರು ಗೀರು ಬೇಡ, ನಂಬರು ಸಾಕು."

ಭಾನುವಾರ ಬೆಳಿಗ್ಗೆ ಚಿಕ್ಕಪ್ಪನ ಫೋನ್ ಬಂತು. ಗಾಡಿ ಹೊರಟಿದೆ ಎಂದರಂತೆ. "ಬರೋದಾದ್ರೆ ಊಟಕ್ಕೆ ಬಾ, ಯಂತ್ರಕ್ಕೆ ಬರಬೇಡ" ಎಂದರು ಅತ್ತೆ. "ಅದಕ್ಕೆ ಕೆಲಸ ಇದೆ, ನನ್ನ ಸೊಸೆ ನಡೆಸ್ತಾಳೆ." ಫೋನ್ ಇಟ್ಟು ನನ್ನತ್ತ ತಿರುಗದೆ ಅಡುಗೆಮನೆಗೆ ಹೋದರು.

ನಾನು ಥರ್ಮಾಮೀಟರನ್ನು ಒರೆಸಿ, ಹೊಸ ಬ್ಯಾಟರಿ ಹಾಕಿಕೊಂಡು ಮೂಲೆಯ ಬೇಕರಿಗೆ ಹೋದೆ. ಬೇಕರಿಯವನು ತೋಳಿನವರೆಗೂ ಹಿಟ್ಟು ಮೆತ್ತಿಕೊಂಡು ಒಳಗಿಂದ ಬಂದ. ನನ್ನನ್ನು ಕಂಡು ಕೈ ಒರೆಸಿಕೊಂಡ.

"ಇದು ನಿಮ್ಮದು ಅಣ್ಣ. ತಡವಾಯ್ತು."

"ಅಯ್ಯೋ, ಇರಲಿ ಇಟ್ಕೋಮ್ಮ. ನಾನು ಕೇಳಿದ್ನಾ? ಅವನ ಕೆಲಸಕ್ಕೆ ಬೇಕಿತ್ತು, ನಿನಗೂ ಬೇಕಾಗಬಹುದು."

"ಬೇಡ. ಯಾವ ಅಂಕಿಗೆ ಎಷ್ಟು ಬಿಸಿ ಅಂತ ಈಗ ನನಗೆ ಗೊತ್ತು. ಇದಿಲ್ಲದೆ ಇಷ್ಟು ದಿನ ನೀವು ಓವನ್ ಹೇಗೆ ನಡೆಸಿದ್ರಿ?"

"ಕೈ ಚಾಚಿ ನೋಡ್ತಿದ್ದೆ. ಇಪ್ಪತ್ತು ವರ್ಷದ ಕೈ ಇದು, ಮೋಸ ಮಾಡಲ್ಲ."

ಥರ್ಮಾಮೀಟರನ್ನು ಅವನ ಹಿಟ್ಟಿನ ಕೈಗೇ ಇಟ್ಟೆ. ಅವನು ನಗುತ್ತ ಓವನ್ನಿನ ಬಾಗಿಲು ತೆಗೆದು, ಒಳಗೆ ಚುಕ್ಕೆ ಬಿಟ್ಟು, ಅಂಕಿ ನೋಡಿ, ನಗು ನಿಲ್ಲಿಸಿ ಅವಸರವಾಗಿ ಬಿಸಿ ಇಳಿಸಿದ.