ನೆಟ್ಟಗೆ ನಿಂತ ತೋಟಾ

ಬಲಕ್ಕೆ ಮಿಂಚಿ ಹಾರಬೇಕಾದದ್ದು ಹಾರಲಿಲ್ಲ, ಹಾರುವುದಿಲ್ಲ ಎಂದು ಮಾರೆನ್‌ಗೆ ಮೊದಲೇ ಗೊತ್ತಿತ್ತು, ಅಪ್ಪನ ಪಿಸ್ತೂಲಿನ ಕಿಂಡಿಯಲ್ಲಿ ಖಾಲಿ ತೋಟಾ ನೆಟ್ಟಗೆ ನಿಂತಿದೆ, ಅರ್ಧ ಒಳಗೆ, ಅರ್ಧ ಹೊರಗೆ, ಹಿತ್ತಾಳೆಯ ಪುಟ್ಟ ಚಿಮಣಿಯ ಹಾಗೆ, ಥತ್ ಎಂದ ಅಪ್ಪ, ಎಡಗೈಯಿಂದ ಅದನ್ನು ಗುಡಿಸಿ ಕೆಡವಿದ, ಸ್ಪ್ರಿಂಗೇ ಕಣೇ ಇದು, ಬಿಗಿ ಜಾಸ್ತಿಯಾಗಿದೆ — ಆದರೆ ಸ್ಪ್ರಿಂಗನ್ನು ಸೋಮವಾರವಷ್ಟೇ ಬದಲಾಯಿಸಿದ್ದಾನೆ, ಅದಕ್ಕೂ ಮುಂಚೆ ತೋಟಾದ ಅಂಚು ಹಿಡಿದೆಳೆಯುವ ಕೊಕ್ಕೆ, ಅದಕ್ಕೂ ಮುಂಚೆ ಗುಂಡಿನದೇ ತಪ್ಪು, ಮದ್ದು ಕಡಿಮೆ ತುಂಬ್ತಾರೆ ಕಳ್ಳನನ್ಮಕ್ಕಳು ಎಂದು ಬೈದು ಬೇರೆ ಡಬ್ಬಿ ತಂದದ್ದು, ಈ ಕಣಿವೆಯಲ್ಲಿ ಯಾರ ಪಿಸ್ತೂಲು ಕೆಟ್ಟರೂ ಬರುವುದು ಅಪ್ಪನ, ಆರಿನ್ ಟಾಲಿಯ, ರಿಪೇರಿ ಅಂಗಡಿಗೆ, ಬಂದವರನ್ನೆಲ್ಲ ಅಪ್ಪ ಮೊದಲು ಕರೆತರುವುದು ಹಾಳುಬಿದ್ದ ಈ ಜಲ್ಲಿಗುಂಡಿಗೆ, ತಾಳಪ್ಪ, ನೀನು ಹೊಡಿ, ನಾನು ನಿನ್ನ ಕೈ ನೋಡ್ತೀನಿ, ಆಮೇಲೆ ಜೋರು ನಗು, ಪಿಸ್ತೂಲಿಗೇನೂ ಆಗಿಲ್ಲ ಡ್ವೇಯ್ನ್, ನಿನ್ನ ಮಣಿಕಟ್ಟು ಬೆಂದ ಶ್ಯಾವಿಗೆ, ಕೈ ಗಟ್ಟಿ ನಿಂತರೆ ತಾನೇ ಮೇಲಿನ ಸ್ಲೈಡು ಪೂರ್ತಿ ಹಿಂದೆ ಓಡಿ ತೋಟಾವನ್ನು ಆಚೆ ಎಸೆಯೋದು, ಕೈಯೇ ಅದರ ಜೊತೆ ಹಿಂದಕ್ಕೆ ಬಾಗಿದರೆ ಅದೇನು ಮಾಡೀತು ಪಾಪ.

ಎಲ್ಲರ ಕೈ ನೋಡಿದವನು ತನ್ನದನ್ನು ಮಾತ್ರ ನೋಡುತ್ತಿಲ್ಲ, ಮಾರೆನ್ ನೋಡಿದ್ದಾಳೆ, ನೋಡುವುದೇ ಅವಳ ಕೆಲಸವಾಗಿಬಿಟ್ಟಿದೆ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದು, ಗುಂಡಿಯ ಅಂಗಿ ಬಿಟ್ಟು ತಲೆಯ ಮೇಲಿಂದ ಹಾಕಿಕೊಳ್ಳುವ ಅಂಗಿಗೆ ಇಳಿದದ್ದು, ಪೀಚ್ ಹಣ್ಣಿನ ಬಾಟಲಿಯ ಮುಚ್ಚಳ ತಿರುಗಿಸಿ ತಿರುಗಿಸಿ, ಬಿಡು, ಹಸಿವಿಲ್ಲ ಎಂದದ್ದು, ಲೈಲ್ ದೊಡ್ಡಪ್ಪನ ಕಾಯಿಲೆಯಲ್ಲೂ ಮೊದಲು ಹೋದದ್ದು ಬಲಗೈಯ ಬಲ, ಆಮೇಲೆ ಚಮಚ ಹಿಡಿಯುವುದು, ಆಮೇಲೆ ಮಾತು, ಡಾಕ್ಟರಿಗೊಮ್ಮೆ ತೋರಿಸು ಅಪ್ಪಾ ಎಂದರೆ, ಮೊದಲು ಈ ದರಿದ್ರದ್ದು ಸರಿಯಾಗಲಿ, ಶನಿವಾರ ಗುಂಡು ಹೊಡೆಯೋದು ಕಲಿಯೋಕೆ ಜನ ಬರ್ತಾರೆ ಎನ್ನುತ್ತಾನೆ, ಹೊಸಬರ ನಡುವೆ ಈ ಕೈ, ಈ ಪಿಸ್ತೂಲು — ತಗೋ, ನೀನು ಹೊಡಿ, ಅಪ್ಪ ಅದನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಿದ್ದಾನೆ, ನಿನ್ನ ಕೈಯಲ್ಲೂ ಸಿಕ್ಕಿಕೊಂಡರೆ ನಾಳೆ ಪೂರ್ತಿ ಬಿಚ್ಚಿಬಿಡ್ತೀನಿ, ಅವನ ದನಿಯಲ್ಲಿ ಸಿಕ್ಕಿಕೊಳ್ಳಲಿ ಎಂಬ ಆಸೆಯಿದೆ, ಅದು ಅವಳಿಗೆ ಕೇಳಿಸುತ್ತದೆ, ಹಿಡಿ ಇನ್ನೂ ಅವನ ಅಂಗೈಯ ಬಿಸಿಯಲ್ಲಿದೆ, ಹೊಡೆದಳು, ತೋಟಾ ಬಲಕ್ಕೆ ಮಿಂಚಿ ಹಾರಿತು, ಮತ್ತೊಂದು, ಮತ್ತೊಂದು, ಒಣಗಿದ ಪೊದೆಯ ಬುಡದಲ್ಲಿ ಒಂದರ ಪಕ್ಕ ಒಂದು, ಎಷ್ಟು ಸಲೀಸು, ತಿರುಗಿ ನೋಡಿದಳು, ನೋಡಬಾರದಿತ್ತು, ಅಪ್ಪನ ಮುಖ ಪರೀಕ್ಷೆಯ ಫಲಿತಾಂಶ ಓದುವವನದು, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಿದ್ದಾನೆ, ಇನ್ನೊಂದು ಗುಂಡು ಉಳಿದಿದೆ, ಒಂದೇ ಒಂದು ಸಲ ಸಿಕ್ಕಿಕೊಂಡರೆ ಸಾಕು, ಒಂದು ದಿನ ಪಿಸ್ತೂಲಿನ ತಪ್ಪಾಗಿಯೇ ಇರಲಿ, ಹಾಗಾದರೆ ಅವನು ಡಾಕ್ಟರ ಹತ್ತಿರ ಹೋಗುವುದಿಲ್ಲ, ಗೊತ್ತು, ಗೊತ್ತಿದ್ದೂ ಮಣಿಕಟ್ಟು ಸಡಿಲವಾಯಿತು, ಮೊಣಕೈ ಬಾಗಿತು, ಸದ್ದು — ಮತ್ತು ಅದು ನಿಂತಿತು, ಕಿಂಡಿಯಲ್ಲಿ, ನೆಟ್ಟಗೆ.

ನೋಡಪ್ಪಾ, ನಂಗೂ ಸಿಕ್ಕಿಕೊಳ್ತು, ಎಂದಳು, ಸ್ಪ್ರಿಂಗೇ ಇರಬೇಕು, ಪಿಸ್ತೂಲನ್ನು ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆಗೇ ಹಿಡಿದು ನಿಂತಳು, ಅಪ್ಪ ಹತ್ತಿರ ಬಂದ, ಕಿಂಡಿಯ ಕಡೆ ನೋಡಲೇ ಇಲ್ಲ, ಇಷ್ಟು ವರ್ಷ ಎಲ್ಲರಿಗೂ ನೋಡಿದ್ದನ್ನೇ ನೋಡಿದ, ಅವಳ ಮಣಿಕಟ್ಟನ್ನು, ನಿಧಾನಕ್ಕೆ, ಬೈಯದೆ ಅಂದ, ಬೇಕಂತ ಕೈ ಸಡಿಲ ಬಿಟ್ಟೆ ನೀನು, ಇಲ್ಲಪ್ಪಾ, ಸುಳ್ಳು ಹೇಳಬೇಡ ಮಗಳೇ, ಆ ಕೈಗೆ ಕಲಿಸಿದೋನು ನಾನು, ಟ್ರಕ್ಕಿನ ಕಡೆ ಹೊರಟವನು ಅರ್ಧಕ್ಕೆ ನಿಂತ, ಶನಿವಾರ ಬರೋರಿಗೆ ಫೋನ್ ಮಾಡಿ ಬೇಡ ಅಂತ ಹೇಳಿಬಿಡು, ಎಂದ, ತಿರುಗಲಿಲ್ಲ, ಲೈಲ್‌ನ ನೋಡ್ತಿದ್ದ ಆ ಡಾಕ್ಟರ ಹೆಸರೇನೇ, ಅವಳಿಗೆ ಹೆಸರು ಗೊತ್ತು, ಬಾಯಿಗೆ ಬರುತ್ತಿಲ್ಲ, ಗುಡಿಸಿ ಕೆಡವಬೇಕು, ಎಡಗೈಯಿಂದ ಒಂದು ಸಲ ಸವರಿದರೆ ಆಯಿತು, ಕೈ ಮೇಲೇಳುತ್ತಿಲ್ಲ, ಅರ್ಧ ಒಳಗೆ, ಅರ್ಧ ಹೊರಗೆ, ಬಾಯಿ ತೆರೆದು, ತೋಟಾ ನಿಂತೇ ಇದೆ, ನೆಟ್ಟಗೆ