ದೀಪ ಹಚ್ಚಿದ ಮೇಲೆ ಹೆಪ್ಪು

ನಾನೊಂದು ರೇಡಿಯೋ. ಕಾರ್ಖಾನೆಯಲ್ಲಿ ನನಗೆ ಮರದ ಮೈ, ಬಟ್ಟೆಯ ಮುಖ, ಎರಡು ಗುಂಡಿ ಕೊಟ್ಟು ಪೆಟ್ಟಿಗೆಗೆ ಹಾಕಿದರು. ನನಗೆ ಬಾಯಿ ಮಾತ್ರ ಇದೆ ಎಂದು ಜನ ತಿಳಿದಿದ್ದಾರೆ. ಕಿವಿಯೂ ಇದೆ, ಅದೇ ನನ್ನ ಕರ್ಮ.

ದಾವಣಗೆರೆಯ ಅಂಗಡಿಯಿಂದ ನನ್ನನ್ನು ತಂದವನು ಒಬ್ಬ ಟೇಲರ್. ಮಗಳು ಕೊಟ್ರಮ್ಮನ ಮದುವೆಗೆ ಉಡುಗೊರೆಯಾಗಿ ಕೊಟ್ಟ. ಹಾಗೆ ಹತ್ತಿಗಿರಣಿ ಕೆಲಸಗಾರರ ಸಾಲುಮನೆಗೆ ಬಂದು, ಅವಳ ಗಂಡ ಹಾಲೇಶನ ಮನೆಯ ಗೋಡೆಗೂಡಿನಲ್ಲಿ ಕೂತೆ.

ಮೊದಲ ಸಲ ಹಾಲೇಶ ನನ್ನ ದನಿ ಪೂರ್ತಿ ಏರಿಸಿದಾಗ ಉಬ್ಬಿಹೋದೆ. ನನ್ನ ಹಾಡು ಅಷ್ಟು ಹಿಡಿಸಿತು ಅಂದುಕೊಂಡೆ. ಎಂಥ ದಡ್ಡತನ ನನ್ನದು! ಅವನು ಬಾಗಿಲ ಅಗುಳಿ ಹಾಕಿ ಕೊಟ್ರಮ್ಮನ ಕಡೆ ತಿರುಗಿದ. ಅವಳ ಕೂಗು ನನ್ನ ಹಾಡಿನಡಿ ಮುಚ್ಚಿಹೋಯಿತು.

ನನ್ನ ಕಾರ್ಯಕ್ರಮಗಳಿಗೆ ಇದ್ದಂತೆ ಅವನ ಸಿಟ್ಟಿಗೂ ವೇಳಾಪಟ್ಟಿ ಇತ್ತು. ಮೊದಲು ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನುವನು. ಆಮೇಲೆ ಮಾತಿಲ್ಲ. ಆಮೇಲೆ ಅಗುಳಿ, ನನ್ನ ಗುಂಡಿ. ಮರುದಿನ ಮಿರ್ಚಿ-ಮಂಡಕ್ಕಿ ಪೊಟ್ಟಣ, ಒಂದು ಮೊಳ ಮಲ್ಲಿಗೆ. ಸಿಟ್ಟು ಕುರುಡು ಅಂತಾರೆ. ಕುರುಡು ಸಿಟ್ಟಿಗೆ ಅಗುಳಿ ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?

"ಹಾಲೇಶನಿಗೆ ಹಾಡಿನ ಹುಚ್ಚು" ಎಂದು ಸಾಲುಮನೆಯವರು ನಗುತ್ತಿದ್ದರು. ಪಕ್ಕದ ಮನೆಯ ಸಿದ್ದಮ್ಮಜ್ಜಿ ಏನೋ ಕೇಳಿಸಿದರೂ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಸುಮ್ಮನಿದ್ದಳು. ಒಂದು ಸಂಜೆ ಹಾಡು ಮುಗಿದು ವಾರ್ತೆ ಶುರುವಾಗುವ ನಡುವೆ ಒಂದು ಗಳಿಗೆ ನಾನು ಸುಮ್ಮನಾದೆ. "ಯವ್ವಾ, ಸಾಯ್ತೀನಿ" ಎಂಬ ಕೂಗು ಆಗ ಗೋಡೆ ದಾಟಿತು.

ಯಾರೋ ಬಾಗಿಲು ಬಡಿದರು. ಹಾಲೇಶ ತೆಗೆದರೆ ಸಿದ್ದಮ್ಮಜ್ಜಿ ಬಟ್ಟಲು ಹಿಡಿದು ನಿಂತಿದ್ದಳು.

"ಹಾಲಿಗೆ ಹಾಕಾಕೆ ಒಂಚೂರು ಹೆಪ್ಪು ಬೇಕಾಗಿತ್ತಪ್ಪಾ."

"ದೀಪ ಹಚ್ಚಿದ ಮ್ಯಾಲೆ ಹೆಪ್ಪು ಕೇಳ್ತಾರೇನಜ್ಜಿ? ಮನಿ ಲಕ್ಷ್ಮಿ ಹೋಗ್ತಾಳೆ."

"ನಿನ್ ಮನಿ ಲಕ್ಷ್ಮಿ ಒಳಗೆ ಅಳಾಕತ್ತಾಳೆ. ಸರಿ ಅತ್ತಾಗೆ."

ಅಜ್ಜಿ ಒಳಗೆ ಬಂದು ಕೂತಳು. ಹಾಲು ಮೊಸರಾಗುವ ತನಕ ಏಳುವುದಿಲ್ಲ ಅನ್ನುವ ಹಾಗೆ ಕೂತಳು.

ಮುಂದಿನ ಸಲ ನನ್ನ ದನಿ ಏರಿದಾಗ ಬಾಗಿಲಲ್ಲಿ ಮೂರು ಬಟ್ಟಲು. ಅದರ ಮುಂದಿನ ಸಲ ಒಂಬತ್ತು. ಬೈಗುಳವಿಲ್ಲ, ರಂಪವಿಲ್ಲ. ದೀಪ ಹಚ್ಚಿದ ಮೇಲೆ ಉಪ್ಪನ್ನೂ ಹೊಸಿಲು ದಾಟಿಸದ ಹೆಂಗಸರು ಶಾಸ್ತ್ರವನ್ನೇ ಮುರಿದು ಸಾಲಾಗಿ ನಿಂತಿದ್ದರು. ದೇಶದೇಶದ ಸುದ್ದಿ ಹೇಳಿದ ಬಾಯಿ ನನ್ನದು, ಇಂಥದ್ದನ್ನು ಎಲ್ಲಿಯೂ ಕೇಳಿರಲಿಲ್ಲ.

ಹಾಲೇಶನೂ ಉಪಾಯ ಬದಲಿಸಿದ. ಒಂದು ಸಂಜೆ ಅಗುಳಿ ಹಾಕಿ, ನನ್ನನ್ನು ಮುಟ್ಟದೆ, ಅವಳ ಬಾಯಿ ಒತ್ತಿ ಹಿಡಿಯಲು ಕೈ ಎತ್ತಿಕೊಂಡು ಬಂದ. ಕೊಟ್ರಮ್ಮ ಹಿಂದೆ ಸರಿದು ನನ್ನ ಗುಂಡಿ ಹಿಡಿದಳು. ಕೊನೆಯ ತನಕ ತಿರುಗಿಸಿದಳು. ಅಷ್ಟು ದಿನ ಅವಳ ಕೂಗು ನುಂಗಿದ್ದ ನಾನು ಅವತ್ತು ಅವಳಿಗಾಗಿ ಕೂಗಿದೆ. ಗಂಟಲು ಹರಿಯುವಷ್ಟು ಕೂಗಿದೆ. ಬಟ್ಟಲುಗಳು ಬಾಗಿಲು ಬಡಿದವು, ಅಗುಳಿ ಕಿತ್ತು ಬಂತು. ಕೊಟ್ರಮ್ಮ ನನ್ನನ್ನು ಕಂಕುಳಲ್ಲಿ ಅವುಚಿಕೊಂಡು ಆ ಹೆಂಗಸರ ನಡುವೆ ನಡೆದು ಅಜ್ಜಿಯ ಮನೆ ಸೇರಿದಳು. ಹಾಲೇಶ ಮಿರ್ಚಿ ಪೊಟ್ಟಣ ಹಿಡಿದು ನಾಲ್ಕು ದಿನ ಆ ಬಾಗಿಲಿಗೆ ಬಂದ. ಅವಳು ಹೊರಗೆ ಬರಲಿಲ್ಲ.

ಈಗ ಅಜ್ಜಿ ಇಲ್ಲ. ಅವಳ ಮನೆಯಲ್ಲಿ ಕೊಟ್ರಮ್ಮ ಇದ್ದಾಳೆ, ಅವಳ ತಲೆಯೂ ನರೆತಿದೆ. ಅವತ್ತು ಕೆಟ್ಟ ನನ್ನ ಗಂಟಲು ಮತ್ತೆ ಸರಿಹೋಗಲಿಲ್ಲ, ನಾನು ಮೂಕ. ಆದರೂ ದಿನಾ ಧೂಳು ಒರೆಸಿ, ಅಜ್ಜಿಯ ಬಟ್ಟಲನ್ನು ನನ್ನ ತಲೆಯ ಮೇಲೆ ಬೋರಲು ಹಾಕುತ್ತಾಳೆ. ಬೇಕಾದಷ್ಟು ಕೂಗಿದ್ದೇನೆ, ಇನ್ನು ಕೇಳಿಸಿಕೊಂಡು ಕೂತರೆ ಸಾಕು.

ನಿನ್ನೆ ಸಂಜೆ ಅವಳು ಆಗಷ್ಟೇ ದೀಪ ಹಚ್ಚಿದ್ದಳು. ಎದುರುಮನೆಗೆ ಹೊಸದಾಗಿ ಬಂದ ಜೋಡಿಯ ಟೀವಿ ಸದ್ದು ಒಮ್ಮೆಲೇ ಏರಿತು. ಕೊಟ್ರಮ್ಮ ಕಿವಿಗೊಟ್ಟಳು. ಎದ್ದು, ನನ್ನ ತಲೆಯ ಮೇಲಿನ ಬಟ್ಟಲು ತೆಗೆದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಬೀದಿ ದಾಟಿದಳು.